ಸ್ಲೊವೇನಿಯಾದ ಹಳೆಯ ರೈಲುದಾರಿಯಲ್ಲಿ

ಮಕ್ಕಳು ಯೂರೋಪಿನಲ್ಲಿ ಉದ್ಯೋಗಸ್ಥರಾಗಿ ನೆಲೆನಿಂತ ಮೇಲೆ, ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟುಗಳ ಗಂಟು ಕಟ್ಟಿಕೊಂಡು ಮೂರು ತಿಂಗಳ ಮಟ್ಟಿಗೆ ಅವರ ಮನೆಗೆ ಹೋಗಿಬರುವ ತಂದೆತಾಯಿಗಳ ಸಂಖ್ಯೆ ಈಚೆಗೆ ನಮ್ಮ ನಾಡಿನಲ್ಲಿ ಅಲ್ಪವೇನಲ್ಲ. ಆದರೆ ಆ ಮೂರು ತಿಂಗಳಲ್ಲಿ ಕಂಡದ್ದೇನೆಂದು ಅವರನ್ನು ವಿಚಾರಿಸಿದರೆ, ಮೊದಲನೆಯ ತಿಂಗಳು ಮನೆಯ ಕಿಟಕಿಯಿಂದ ಕಂಡ ಟ್ರ್ಯಾಮು, ಕಡೆಯ ತಿಂಗಳು ಅದೇ ಕಿಟಕಿಯಿಂದ ಕಂಡ ಅದೇ ಟ್ರ್ಯಾಮು, ನಡುವೆ ಒಂದು ವಾರ ಬಸ್ಸಿನಲ್ಲಿ ಕುಳಿತು ಐದು ದೇಶಗಳನ್ನು ದಾಟಿದ್ದು, ಇಷ್ಟರಲ್ಲಿಯೇ ವೃತ್ತಾಂತವು ಮುಗಿದುಹೋಗುತ್ತದೆ. ನಾನೂ ನನ್ನ ಪತ್ನಿಯೂ ಮೊದಲ ಸಲ ಮ್ಯೂನಿಕ್ಕಿನಲ್ಲಿರುವ ಮಗಳ ಮನೆಗೆ ಹೋದಾಗ ಮಾಡಿದ್ದೂ ಇದನ್ನೇ. ಪ್ಯಾರಿಸಿನ ಗೋಪುರದ ಬುಡದಲ್ಲಿ ಸರತಿಯ ಸಾಲು, ವೆನಿಸ್ಸಿನ ಸೇತುವೆಗಳ ಮೇಲೆ ಮುಂದಿನವರ ಬೆನ್ನು, ರೋಮಿನಲ್ಲಿ ಮಾರ್ಗದರ್ಶಕಿಯು ಎತ್ತಿ ಹಿಡಿದಿದ್ದ ಹಳದಿಯ ಛತ್ರಿ. ಇವನ್ನು ಕಣ್ಣಾರೆ ಕಂಡೆವೆಂದು ಪ್ರಮಾಣ ಮಾಡಿ ಹೇಳಬಲ್ಲೆನು, ಉಳಿದುದರ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನನ್ನಾಕೆ, “ಇನ್ನೊಂದ್ಸಲ ಬಂದ್ರೆ ಒಂದೇ ಊರಿಗೆ ಕರ್ಕೊಂಡ್ಹೋಗಿ, ಅಲ್ಲೇ ಕೂತ್ಕೊಂಡಿದ್ದು ಬರೋಣ” ಎಂದಳು. ಎರಡನೆಯ ಸಲ ಹೋದಾಗ ಆ ಮಾತಿನಂತೆಯೇ ನಡೆದುಕೊಂಡೆವು. ಆ ಅನುಭವದಿಂದ ಇತರರಿಗೆ ಉಪಯೋಗಕ್ಕೆ ಬರಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ.

ನಾವು ಹೋದದ್ದು ಸ್ಲೊವೇನಿಯಾಕ್ಕೆ. ಆಸ್ಟ್ರಿಯ, ಇಟಲಿ, ಹಂಗೆರಿ, ಕ್ರೊಯೇಷಿಯಗಳ ನಡುವೆ, ಆಲ್ಪ್ಸ್ ಪರ್ವತಶ್ರೇಣಿಯು ತನ್ನ ಆಗ್ನೇಯದ ತುದಿಯಲ್ಲಿ ಸಮುದ್ರದ ಕಡೆಗೆ ಬಾಗುವ ಎಡೆಯಲ್ಲಿ, ಇಪ್ಪತ್ತು ಸಾವಿರ ಚದರ ಕಿಲೋಮೀಟರುಗಳಿಗೆ ತುಸುವೇ ಹೆಚ್ಚಾದ ವಿಸ್ತೀರ್ಣವನ್ನೂ ಇಪ್ಪತ್ತೊಂದು ಲಕ್ಷದಷ್ಟು ಜನರನ್ನೂ ಉಳ್ಳ ಈ ದೇಶವು 1991ರಲ್ಲಿ ಯುಗೋಸ್ಲಾವಿಯದಿಂದ ಬೇರೆಯಾಗಿ ಸ್ವತಂತ್ರವಾಯಿತು. 2004ರಲ್ಲಿ ಯೂರೋಪಿನ ಒಕ್ಕೂಟವನ್ನು ಸೇರಿತು. 2007ರಿಂದ ಅಲ್ಲಿ ಯೂರೋ ನಾಣ್ಯವೇ ಚಲಾವಣೆಯಲ್ಲಿದೆ. ಅರ್ಧಕ್ಕಿಂತ ಹೆಚ್ಚು ನೆಲ ಅರಣ್ಯ. ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಕುಡಿಯುವ ನೀರು ಪ್ರಜೆಯ ಹಕ್ಕೆಂದು 2016ರಲ್ಲಿ ಅವರು ಸಂವಿಧಾನದಲ್ಲಿಯೇ ಬರೆದುಕೊಂಡಿದ್ದಾರೆ. ಪ್ರವಾಸಿಗಳಲ್ಲಿ ಬಹುಮಂದಿ ರಾಜಧಾನಿಯಾದ ಲ್ಯುಬ್ಲ್ಯಾನವನ್ನೂ, ದ್ವೀಪದ ಮೇಲಿನ ಇಗರ್ಜಿಯಿಂದ ಪ್ರಸಿದ್ಧವಾದ ಬ್ಲೆಡ್ ಸರೋವರವನ್ನೂ ಒಂದೇ ದಿನದಲ್ಲಿ ನೋಡಿ ಹಿಂದಿರುಗುತ್ತಾರೆ. ಬ್ಲೆಡ್ ಸುಂದರವಲ್ಲವೆಂದರೆ ನಾಲಗೆ ಬಿದ್ದೀತು. ಆದರೆ ಬೇಸಗೆಯ ಮಧ್ಯಾಹ್ನ ಅಲ್ಲಿ ನಿಂತವನಿಗೆ ತಾನು ವೆನಿಸ್ಸಿನಿಂದ ಎಷ್ಟು ದೂರ ಬಂದಿರುವೆನೆಂಬ ಸಂದೇಹ ಹುಟ್ಟದಿರದು.

ಹಾಗಾದರೆ ಎಲ್ಲಿಗೆ ಹೋಗಬೇಕು? ಊರುಗಳ ಪಟ್ಟಿಯನ್ನು ಕೊಡುವುದಕ್ಕಿಂತ ಒಂದು ರೈಲುಮಾರ್ಗವನ್ನು ತೋರಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಆಸ್ಟ್ರಿಯದ ಗಡಿಗೆ ಹೊಂದಿದ ಯೆಸೆನಿತ್ಸೆ ಎಂಬ ಉಕ್ಕಿನ ಕಾರ್ಖಾನೆಯ ಊರಿನಿಂದ ಹೊರಟು, ಜೂಲಿಯನ್ ಆಲ್ಪ್ಸ್ ಬೆಟ್ಟಗಳನ್ನು ಕೊರೆದು, ಸೋಚಾ ನದಿಯ ಕಣಿವೆಗೆ ಇಳಿದು, ಇಟಲಿಯ ಗಡಿಯಲ್ಲಿರುವ ನೋವಾ ಗೋರಿತ್ಸಾ ನಗರವನ್ನು ಸೇರುವ ಈ ಮಾರ್ಗ ಸುಮಾರು 90 ಕಿಲೋಮೀಟರು. ಸುಮಾರು ಎರಡು ಗಂಟೆಯ ಪ್ರಯಾಣ. ಆಸ್ಟ್ರಿಯ ಹಂಗೆರಿಯ ಸಾಮ್ರಾಜ್ಯವು ತನ್ನ ಟ್ರಿಯೆಸ್ತ್ ಬಂದರಿಗೆ ಮತ್ತೊಂದು ಹತ್ತಿರದ ದಾರಿ ಬೇಕೆಂದು ಕಟ್ಟಿಸಿದ ಈ ಮಾರ್ಗವನ್ನು 1906ನೆಯ ಇಸವಿಯ ಜುಲೈ 19ರಂದು ಉದ್ಘಾಟಿಸಿದವನು ಯುವರಾಜ ಫ್ರಾನ್ಸ್ ಫರ್ಡಿನೆಂಡ್. ಎಂಟು ವರ್ಷಗಳ ತರುವಾಯ ಸರಾಯೆವೊದಲ್ಲಿ ಹತನಾಗಿ, ಮಹಾಯುದ್ಧಕ್ಕೆ ನಿಮಿತ್ತನಾದವನು ಇವನೇ. ಆ ಯುದ್ಧವು ಇದೇ ಕಣಿವೆಯನ್ನು ಸ್ಮಶಾನವನ್ನಾಗಿ ಮಾಡಿತು. ಸಾಮ್ರಾಜ್ಯ ಹೋಯಿತು, ಗಡಿಗಳು ಅತ್ತಿತ್ತ ಸರಿದುವು, ಆ ಮಹಾಮಾರ್ಗದಲ್ಲಿ ಈಗ ಒಂದೆರಡು ಡಬ್ಬಿಗಳ ಡೀಸೆಲ್ ರೈಲು ದಿನಕ್ಕೆ ಬೆರಳೆಣಿಕೆಯಷ್ಟು ಸಲ ಓಡಾಡುತ್ತದೆ, ಶಾಲೆಯ ಮಕ್ಕಳೂ ಬೈಸಿಕಲ್ಲಿನ ಯುವಕರೂ ಅದರಲ್ಲಿ ಹತ್ತಿ ಇಳಿಯುತ್ತಾರೆ. ನಿಶ್ಶಬ್ದವಾದ ಊರುಗಳನ್ನು ಹುಡುಕುವವನಿಗೆ ಇಂತಹ ಅಧಿಕಾರ ಕಳೆದುಕೊಂಡ ಮಾರ್ಗಗಳಿಗಿಂತ ಮಿಗಿಲಾದ ಮಾರ್ಗದರ್ಶಕರಿಲ್ಲ.

ಕಾಗದಪತ್ರಗಳ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಕಷಾಯವನ್ನು ಮೊದಲೇ ಕುಡಿದುಬಿಟ್ಟರೆ ಮುಂದಿನ ಊಟ ರುಚಿಸುತ್ತದೆ. ಯೂರೋಪಿನ 29 ದೇಶಗಳು ಷೆಂಗೆನ್ ಎಂಬ ಒಪ್ಪಂದದಿಂದ ಪ್ರವೇಶದ ಮಟ್ಟಿಗೆ ಒಂದೇ ಮನೆಯಂತಿರುವುದರಿಂದ ಒಂದು ವೀಸಾ ಎಲ್ಲಕ್ಕೂ ಸಾಕು. ಆದರೆ ಅದಕ್ಕೆ ಅರ್ಜಿ ಹಾಕಬೇಕಾದದ್ದು ಎಲ್ಲಿ ಹೆಚ್ಚು ದಿನ ಇರುವಿರೋ ಆ ದೇಶಕ್ಕೆ. ಹೀಗಾಗಿ ಮಗಳ ಮನೆ ಜರ್ಮನಿಯಲ್ಲಿದ್ದರೆ ಜರ್ಮನಿಯ ವೀಸಾ ಪಡೆದು, ಅದರ ಮೇಲೆಯೇ ಸ್ಲೊವೇನಿಯಾಕ್ಕೆ ಹೋಗಿಬರಬಹುದು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ, ಹದಿನೈದು ದಿನಗಳಿಗಿಂತ ತಡಮಾಡಲೂ ಕೂಡದು. ಬೇಸಗೆಯಲ್ಲಿ ಅರ್ಜಿ ಸಲ್ಲಿಸುವ ದಿನವೇ ದುರ್ಲಭವಾಗುವುದರಿಂದ ಮೂರು ತಿಂಗಳು ಮುಂಚಿತವಾಗಿ ಪ್ರಯತ್ನ ಆರಂಭಿಸುವುದು ವಿವೇಕ. ವಯಸ್ಕರಿಗೆ ಶುಲ್ಕ 2024ರ ಜೂನ್ ತಿಂಗಳಿನಿಂದ 90 ಯೂರೋ. ಪಾಸ್‌ಪೋರ್ಟು ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಯೂರೋಪಿನಿಂದ ಹೊರಡುವ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು, ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು. ವೈದ್ಯಕೀಯ ವಿಮೆಯ ಮೊತ್ತ ಕನಿಷ್ಠಪಕ್ಷ 30,000 ಯೂರೋ. ಮೊದಲಿನಿಂದಲೂ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲವಾದುದರಿಂದ, ಕೊಳ್ಳುವ ಮುನ್ನ ಸಣ್ಣ ಅಕ್ಷರದ ಭಾಗವನ್ನು ಮಕ್ಕಳಿಂದಲಾದರೂ ಓದಿಸಿಕೊಳ್ಳತಕ್ಕದ್ದು. ಮೂರು ತಿಂಗಳ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ದಿನಗಳ ಲೆಕ್ಕದಲ್ಲಿ ಎಡವುವವರು ಬಹಳ ಮಂದಿ. ಯಾವುದೇ 180 ದಿನಗಳ ಅವಧಿಯಲ್ಲಿ ಷೆಂಗೆನ್ ದೇಶಗಳಲ್ಲೆಲ್ಲ ಸೇರಿ 90 ದಿನಗಳು ಮಾತ್ರ. ಬಂದಿಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ವೀಸಾ ಚೀಟಿಯ ಮೇಲೆ ಎರಡು ದಿನಾಂಕಗಳ ನಡುವಣ ಅವಧಿ ದೊಡ್ಡದಾಗಿದ್ದು, ಇರಬಹುದಾದ ದಿನಗಳ ಸಂಖ್ಯೆ ಬೇರೆಯಾಗಿ ಅದಕ್ಕಿಂತ ಚಿಕ್ಕದಾಗಿ ಮುದ್ರಿತವಾಗಿರುತ್ತದೆ. ಪ್ರಮಾಣವಾದದ್ದು ಆ ಚಿಕ್ಕ ಸಂಖ್ಯೆ. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚನ್ನೂ ಮುಖದ ಚಿತ್ರವನ್ನೂ ತೆಗೆದುಕೊಂಡು ದಿನಗಳನ್ನು ಯಂತ್ರವೇ ಎಣಿಸುವ ವ್ಯವಸ್ಥೆ ಆರಂಭವಾಗಿರುವುದರಿಂದ, ಮಸುಕಾದ ಮೊಹರನ್ನು ತೋರಿಸಿ ಅಧಿಕಾರಿಯ ದಯೆಯನ್ನು ಬೇಡುವ ಕಾಲ ಮುಗಿಯಿತೆಂದೇ ತಿಳಿಯಬೇಕು. ಇನ್ನು ಜರ್ಮನಿಯಲ್ಲಿಯೋ ನೆದರ್ಲೆಂಡ್ಸಿನಲ್ಲಿಯೋ ವಾಸದ ಪರವಾನಗಿ ಪಡೆದಿರುವ ಮಕ್ಕಳಿಗೆ ಪ್ರತ್ಯೇಕ ವೀಸಾ ಬೇಡ. ಆ ಕಾರ್ಡೂ ಪಾಸ್‌ಪೋರ್ಟೂ ಜೊತೆಯಲ್ಲಿದ್ದರೆ ಇತರ ಷೆಂಗೆನ್ ದೇಶಗಳಲ್ಲಿ ಅವರಿಗೂ 180ರಲ್ಲಿ 90 ದಿನಗಳುಂಟು. ಲಂಡನ್ನಿನಲ್ಲಿರುವ ಭಾರತೀಯರಿಗೆ ಈ ಅನುಕೂಲವಿಲ್ಲ. ಗಡಿಗಳೇ ಇಲ್ಲವೆಂದು ಕೇಳಿ ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿ ಬಿಟ್ಟುಹೋಗುವ ಯುವಕರನ್ನು ನಾನು ಬಲ್ಲೆನು. ಆಸ್ಟ್ರಿಯವೂ ಇಟಲಿಯೂ ಸ್ಲೊವೇನಿಯಾದ ಕಡೆಯ ಗಡಿಯಲ್ಲಿ ತಪಾಸಣೆಯನ್ನು ಮತ್ತೆ ಇಟ್ಟುಕೊಂಡಿರುವ ಈ ಕಾಲದಲ್ಲಿ ಅದು ಸಾಹಸವಲ್ಲ, ಅವಿವೇಕ.

ಕಷಾಯ ಮುಗಿಯಿತು. ಮ್ಯೂನಿಕ್ಕಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಸಾಲ್ಸ್‌ಬರ್ಗ್, ಫಿಲಾಖ್ ನಗರಗಳ ಮೇಲೆ ಹಾದು, ಗಡಿಯ ಬೆಟ್ಟದ ಅಡಿಯ ಸುರಂಗವನ್ನು ದಾಟಿ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಯೆಸೆನಿತ್ಸೆಯಲ್ಲಿ ಇಳಿಯಬಹುದು. ಇಲ್ಲಿಂದ ನಮ್ಮ ಸಣ್ಣ ರೈಲು. ಅರ್ಧ ದಿನ ಬ್ಲೆಡ್ ನೋಡಿಹೋಗುವೆವೆನ್ನುವವರು ಬ್ಲೆಡ್ ಯೆಜೆರೊ ನಿಲ್ದಾಣದಲ್ಲಿ ಇಳಿದು, ಮುಂದಿನ ರೈಲನ್ನು ಹಿಡಿಯಬಹುದು; ನಾವು ಇಳಿಯಲಿಲ್ಲ. ರೈಲು ಸಾವಾ ಬೋಹಿಂಕಾ ಎಂಬ ಹೊಳೆಯ ಜೊತೆಜೊತೆಗೇ ಇಕ್ಕಟ್ಟಾದ ಕಂದರದಲ್ಲಿ ಹೋಗಿ, ಬೆಟ್ಟಗಳು ಥಟ್ಟನೆ ಹಿಂದೆ ಸರಿದಂತಾಗಿ ಹಸಿರು ಬಯಲು ತೆರೆದಾಗ ಬಂದ ನಿಲ್ದಾಣ ಬೋಹಿನ್ಸ್ಕಾ ಬಿಸ್ತ್ರಿತ್ಸಾ. ಅಲ್ಲಿಂದ ಬೋಹಿನ್ ಸರೋವರಕ್ಕೆ ಸುಮಾರು ಆರು ಕಿಲೋಮೀಟರು, ಬಸ್ಸುಂಟು.

ಒಂಬತ್ತು ದಿನಗಳನ್ನು ನಾವು ಕಳೆದದ್ದು ಇಲ್ಲಿ. ಸರೋವರವು ನಾಲ್ಕು ಕಿಲೋಮೀಟರಿಗೆ ತುಸು ಮೀರಿದ ಉದ್ದದ್ದು. ದೇಶದ ಅತ್ಯಂತ ದೊಡ್ಡ ಶಾಶ್ವತ ಸರೋವರ ಇದೇ. ರಾಷ್ಟ್ರೀಯ ಉದ್ಯಾನದೊಳಗೆ ಸೇರಿರುವುದರಿಂದ ಇಲ್ಲಿ ಮೋಟರು ದೋಣಿಗಳ ಗದ್ದಲವಿಲ್ಲ, ವಿದ್ಯುತ್ತಿನಿಂದ ಓಡುವ ಪ್ರವಾಸಿಗಳ ದೋಣಿಯೊಂದನ್ನುಳಿದು. ಎಲ್ಲೆಂದರಲ್ಲಿ ಡೇರೆ ಹಾಕುವುದೂ, ಬೆಂಕಿ ಹಚ್ಚುವುದೂ, ಡ್ರೋನ್ ಹಾರಿಸುವುದೂ ನಿಷಿದ್ಧ. ದಡವನ್ನು ಹಿಡಿದು ಪ್ರದಕ್ಷಿಣೆ ಮಾಡಿದರೆ ಹನ್ನೆರಡು ಕಿಲೋಮೀಟರಿನ ಆಸುಪಾಸು. ನಮ್ಮಂತಹವರು ಅದನ್ನು ಎರಡು ದಿನಗಳಿಗೆ ಹಂಚಿಕೊಂಡರೆ ಅವಮಾನವೇನೂ ಇಲ್ಲ. ಪಶ್ಚಿಮದ ತುದಿಯಲ್ಲಿ, ಐನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಿದವರಿಗೆ ಸಾವಿತ್ಸಾ ಜಲಪಾತದ ದರ್ಶನ. ಆ ನಾಡಿನ ಮಹಾಕವಿ ಫ್ರಾನ್ಸೆ ಪ್ರೆಷೆರೆನ್ ತನ್ನ ಪ್ರಸಿದ್ಧ ಕಥನಕಾವ್ಯದ ಹೆಸರಿನಲ್ಲಿಯೇ ಸಾವಿತ್ಸಾವನ್ನು ಸೇರಿಸಿರುವುದರಿಂದ ಶಾಲೆಯ ಮಕ್ಕಳು ಅಲ್ಲಿಗೆ ಯಾತ್ರೆ ಹೋದಂತೆ ಹೋಗುತ್ತಾರೆ. ಪೂರ್ವದ ತುದಿಯ ರಿಬ್ಚೆವ್ ಲಾಸ್ ಹಳ್ಳಿಯಲ್ಲಿ ನಾಲ್ವರು ಪುರುಷರ ವಿಗ್ರಹವಿದೆ: ದೇಶದ ಅತ್ಯುನ್ನತ ಶಿಖರವಾದ, 2,864 ಮೀಟರು ಎತ್ತರದ ತ್ರಿಗ್ಲಾವ್ ಪರ್ವತವನ್ನು 1778ರಲ್ಲಿ, ಎಂದರೆ ಮೌಂಟ್ ಬ್ಲಾಂಕಿಗಿಂತ ಎಂಟು ವರ್ಷ ಮೊದಲೇ, ಏರಿದ ಧೀರರು ಅವರು.

ತ್ರಿಗ್ಲಾವ್ ಎಂದರೆ ಮೂರು ತಲೆ. ಈ ಹೆಸರನ್ನು ಕೇಳಿದಂದಿನಿಂದ ನನಗೆ ಆ ಭಾಷೆಯ ಮೇಲೆ ಕುತೂಹಲ ಹುಟ್ಟಿತು. ಎರಡು ಎಂಬುದಕ್ಕೆ ದ್ವಾ, ಮೂರಕ್ಕೆ ತ್ರಿ, ಹತ್ತಕ್ಕೆ ದೆಸೆತ್, ನೂರಕ್ಕೆ ಸ್ತೊ. ಬೆಂಕಿಗೆ ಓಗೆನ್, ಸೋದರನಿಗೆ ಬ್ರಾತ್. ಸಂಸ್ಕೃತದ ದೂರದ ನೆಂಟನೊಬ್ಬನು ಹಿಮದ ನಾಡಿನಲ್ಲಿ ಬೇರೆಯ ಉಡುಪು ತೊಟ್ಟು ಎದುರಾದಂತೆ ಆಗುತ್ತದೆ. ಇದಕ್ಕಿಂತಲೂ ಮಿಗಿಲಾದ ಸೋಜಿಗವೆಂದರೆ, ನಾವು ಪಾಠಶಾಲೆಯಲ್ಲಿ ರಾಮಃ ರಾಮೌ ರಾಮಾಃ ಎಂದು ಉರುಹೊಡೆದು, ಇನ್ನೆಲ್ಲಿಯೂ ಉಪಯೋಗಕ್ಕೆ ಬಾರದೆಂದು ಮರೆತಿದ್ದ ದ್ವಿವಚನವು ಈ ಭಾಷೆಯಲ್ಲಿ ಇನ್ನೂ ಜೀವಂತವಾಗಿ ಅಡಿಗೆಮನೆಯಲ್ಲಿ ಓಡಾಡುತ್ತಿರುವುದು. ನಾವಿಳಿದುಕೊಂಡಿದ್ದ ಮನೆಯ ಯಜಮಾನಿ ಬೆಳಗಾದರೆ ಬಾಗಿಲ ಬಳಿ ನಿಂತು “ಬೊಸ್ತಾ ಕಾವೊ?” ಎಂದು ಕೇಳುತ್ತಿದ್ದಳು. ‘ನೀವಿಬ್ಬರೂ ಕಾಫಿ ಕುಡಿಯುತ್ತೀರಾ’ ಎಂದರ್ಥ. ಶನಿವಾರ ಮಗಳು ಬಂದು ಸೇರಿದ ಮರುಬೆಳಿಗ್ಗೆ ಅದೇ ಪ್ರಶ್ನೆ “ಬೊಸ್ತೆ ಕಾವೊ?” ಎಂದಾಯಿತು, ಮಗಳು ಹಿಂದಿರುಗಿದ ಮೇಲೆ ಮತ್ತೆ ಬೊಸ್ತಾ. ಇಬ್ಬರು ಎಂಬುದು ಅಲ್ಲಿ ಬಹುವಚನದಲ್ಲಿ ಕರಗಿಹೋಗುವ ಸಂಗತಿಯಲ್ಲ. ಅಕ್ಷರಗಳನ್ನು ಓದಲು ಹೆಚ್ಚು ಶ್ರಮವಿಲ್ಲ: ರೋಮನ್ ಲಿಪಿಯ ಜೆ ಅಕ್ಷರವನ್ನು ಯ ಎಂದೂ, ಬರಿಯ ಸಿ ಅಕ್ಷರವನ್ನು ತ್ಸ ಎಂದೂ, ಅದರ ನೆತ್ತಿಯ ಮೇಲೆ ಕೊಕ್ಕೆಯಿದ್ದರೆ ಚ ಎಂದೂ, ಎಸ್ ಅಕ್ಷರದ ಮೇಲೆ ಅದೇ ಕೊಕ್ಕೆಯಿದ್ದರೆ ಷ ಎಂದೂ ಓದಿಕೊಂಡರೆ ನಿಲ್ದಾಣಗಳ ಹೆಸರನ್ನು ಕೂಗಿದಾಗ ಗುರುತಿಸಬಹುದು. ‘ದೋಬೆರ್ ದಾನ್’ ಎಂಬ ನಮಸ್ಕಾರವನ್ನೂ ‘ಹ್ವಾಲಾ’ ಎಂಬ ಧನ್ಯವಾದವನ್ನೂ ಕಲಿತು ಹೋದರೆ, ದಾರಿಯಲ್ಲಿ ಎದುರಾದ ಮುದುಕರು ಟೊಪ್ಪಿಗೆ ಮುಟ್ಟಿ ಉತ್ತರಿಸುತ್ತಾರೆ.

ಊಟದ ವಿಷಯ. ಸಸ್ಯಾಹಾರಿಗಳು ಉಪವಾಸ ಬೀಳುವ ದೇಶವಲ್ಲ ಇದು. ಆದರೆ ಎಚ್ಚರ ಬೇಕು. ಗಿಣ್ಣನ್ನೋ ಅಕ್ರೋಟನ್ನೋ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಬೇಯಿಸುವ ಷ್ತ್ರೂಕ್ಲಿ, ಅಕ್ರೋಟಿನ ಹೂರಣವನ್ನಿಟ್ಟು ಸುರುಳಿ ಸುತ್ತಿದ ಪೋತಿತ್ಸಾ ರೊಟ್ಟಿ, ಅಣಬೆಯ ಸಾರು, ಒಳ್ಳೆಯ ಮೊಸರು, ಜೇನು ಇವೆಲ್ಲ ಯಥೇಚ್ಛ. ನಮ್ಮನ್ನು ಬೆರಗುಗೊಳಿಸಿದ್ದು ಝ್ಗಾನ್ತ್ಸಿ. ಉತ್ತರ ಭಾರತದವರು ವ್ರತದ ದಿನ ತಿನ್ನುವ ಕುಟ್ಟು ಎಂಬ ಧಾನ್ಯದ ಹಿಟ್ಟು ಅದಕ್ಕೆ ಬೇಕು. ಯಜಮಾನಿಯು ಉಪ್ಪು ಹಾಕಿದ ಎಸರು ಮರಳುವಾಗ ಹಿಟ್ಟನ್ನು ಕಲಸದೆ ಗೋಪುರದಂತೆ ಒಮ್ಮೆಗೇ ಸುರಿದು, ಮರದ ಸೌಟಿನ ಹಿಡಿಯಿಂದ ಅದರ ನಡುವೆ ತಳದವರೆಗೆ ಒಂದು ತೂತು ಮಾಡಿದಳು. ಕುದಿಯುವ ನೀರು ಆ ತೂತಿನಿಂದ ಉಕ್ಕುತ್ತ ಹಿಟ್ಟು ಒಳಗಿನಿಂದ ಬೇಯತೊಡಗಿತು. ಪಕ್ಕದಲ್ಲಿ ನಿಂತಿದ್ದ ನನ್ನಾಕೆ, ಮಂಡ್ಯ ಸೀಮೆಯವಳು, “ಅಯ್ಯೋ, ಇದು ನಮ್ಮ ಹಿಟ್ಟೇ ಅಲ್ವಾ!” ಎಂದು ಕೈತಟ್ಟಿ ನಕ್ಕಳು. ಅಲ್ಲಿಯವರೆಗೆ ಎರಡೂ ಒಂದೇ. ಅನಂತರ ನಮ್ಮವರು ಕೋಲಿನಿಂದ ತೊಳಸಿ ಮುದ್ದೆ ಕಟ್ಟಿದರೆ, ಅವರು ಹೆಚ್ಚಿನ ನೀರನ್ನು ಬಸಿದು ಫೋರ್ಕಿನಿಂದ ಉದುರುದುರಾಗಿ ಮಾಡುತ್ತಾರೆ. ಮುದ್ದೆ ಕಟ್ಟಿ ತೋರಿಸುತ್ತೇನೆಂದು ನನ್ನಾಕೆ ಕೈ ಒದ್ದೆ ಮಾಡಿಕೊಂಡಳಾದರೂ, ಆ ಹಿಟ್ಟು ರಾಗಿಯ ಮಾತನ್ನು ಕೇಳುವಂತೆ ಇವಳ ಮಾತನ್ನು ಕೇಳಲಿಲ್ಲ.

ಎಚ್ಚರ ಬೇಕಾದದ್ದು ಇಲ್ಲಿಯೇ. ‘ಬ್ರೆಸ್ ಮೇಸಾ’, ಮಾಂಸವಿಲ್ಲದೆ, ಎಂದು ಕಲಿತುಕೊಂಡ ಧೈರ್ಯದಲ್ಲಿ ಒಂದು ಹೋಟೆಲಿನಲ್ಲಿ ಇದೇ ಝ್ಗಾನ್ತ್ಸಿಯನ್ನು ಕೇಳಿದಾಗ, ಮೇಲೆ ಏನೋ ಹುರಿದ ಪುಡಿಯನ್ನು ಉದುರಿಸಿ ತಂದಿಟ್ಟರು. ವಿಚಾರಿಸಿದರೆ ಅದು ಹಂದಿಯ ಕೊಬ್ಬನ್ನು ಕಾಯಿಸಿದಾಗ ಉಳಿಯುವ ಚರಟ. ಬಡಿಸಿದವನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅವನ ದೃಷ್ಟಿಯಲ್ಲಿ ಅದು ಮಾಂಸವಲ್ಲ, ನಮಗೆ ಒಗ್ಗರಣೆ ಹೇಗೋ ಹಾಗೆ. ಆದಕಾರಣ ‘ಬ್ರೆಸ್ ಮೇಸಾ’ದ ಜೊತೆಗೆ ‘ಬ್ರೆಸ್ ಒತ್ಸ್ವಿರ್ಕೊವ್’ ಎಂಬುದನ್ನೂ ಬಾಯಿಪಾಠ ಮಾಡಿಕೊಳ್ಳಿರಿ. ಯೋತಾ ಎಂಬ ಹುಳಿಕೋಸು ಹುರುಳಿಕಾಯಿ ಬೀಜದ ಸಾರಿನಲ್ಲಿಯೂ ಬಹುಶಃ ಹಂದಿಯ ತುಂಡೊಂದು ಮುಳುಗಿರುತ್ತದೆ, ಕೇಳಿಯೇ ತಿನ್ನತಕ್ಕದ್ದು.

ಇನ್ನೊಂದು ಪಾಠ ಭಾನುವಾರ ಕಲಿಸಿದ್ದು. ಭಾನುವಾರಕ್ಕೆ ಆ ಭಾಷೆಯಲ್ಲಿ ನೆದೆಲ್ಯಾ ಎಂದು ಹೆಸರು. ‘ಕೆಲಸವಿಲ್ಲದ್ದು’ ಎಂದು ಅದರ ಅರ್ಥ. ಸೋಮವಾರವಾದರೋ ‘ಕೆಲಸವಿಲ್ಲದ್ದರ ಮರುದಿನ’. ಹೆಸರಿಗೆ ತಕ್ಕಂತೆ 2020ರಿಂದ ಕಾನೂನೂ ಬಂದು, ಕೆಲವು ಸಣ್ಣಪುಟ್ಟ ಅಂಗಡಿಗಳೂ ಪೆಟ್ರೋಲ್ ಬಂಕುಗಳೂ ಹೊರತು ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಹಾಲು, ಬ್ರೆಡ್ಡು, ತರಕಾರಿಗಳನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಅದನ್ನರಿಯದ ನಾವು ಮೊದಲ ಭಾನುವಾರವನ್ನು ಮನೆಯಿಂದ ತಂದ ಹುರಿಹಿಟ್ಟಿನಲ್ಲಿ ಕಳೆದೆವು. ಸಂಜೆ ಯಜಮಾನಿಗೆ ವಿಷಯ ತಿಳಿದು, ಗದರುವ ದನಿಯಲ್ಲಿ ಏನನ್ನೋ ಹೇಳುತ್ತ ಒಂದು ಬುಟ್ಟಿ ಸೇಬನ್ನೂ ಅರ್ಧ ರೊಟ್ಟಿಯನ್ನೂ ತಂದಿಟ್ಟಳು.

ವಸತಿಗೆ ದೊಡ್ಡ ಹೋಟೆಲುಗಳನ್ನು ಹುಡುಕುವುದಕ್ಕಿಂತ, ‘ಸೋಬೆ’, ಅಂದರೆ ಕೋಣೆಗಳು, ಎಂಬ ಫಲಕವಿರುವ ಮನೆಗಳನ್ನೋ, ಪ್ರವಾಸಿಗಳನ್ನು ಇಟ್ಟುಕೊಳ್ಳುವ ರೈತರ ಮನೆಗಳನ್ನೋ ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಬಂದವರ ವಿವರವನ್ನು ಸರಕಾರಕ್ಕೆ ತಿಳಿಸಬೇಕಾದ ಕರ್ತವ್ಯ ಮನೆಯವರಿಗಿರುವುದರಿಂದ ಪಾಸ್‌ಪೋರ್ಟು ಕೇಳಿದರೆ ಗಾಬರಿಯಾಗಬಾರದು. ತಲೆಗೆ ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆಯೂ ಬಾಡಿಗೆಯ ಮೇಲೆ ಸೇರುತ್ತದೆ. ಬೆಟ್ಟದ ತಂಗುಮನೆಗಳಿಗೆ ಹೋಗುವವರು ನಗದು ಇಟ್ಟುಕೊಂಡಿರಬೇಕು. ಕಾಲುದಾರಿಗಳಲ್ಲಿ ಮರಗಳ ಮೇಲೆ, ಬಂಡೆಗಳ ಮೇಲೆ, ಬಿಳಿಯ ಬೊಟ್ಟಿನ ಸುತ್ತ ಕೆಂಪು ಬಳೆಯ ಗುರುತನ್ನು ಬರೆದಿರುತ್ತಾರೆ; ಅದು ಕಾಣುವವರೆಗೆ ದಾರಿ ತಪ್ಪಿಲ್ಲ, ಕಾಣದಾದರೆ ಹಿಂದಿರುಗಬೇಕು. ಅಪಾಯಕಾಲದ ದೂರವಾಣಿ 112. ಬರಲು ತಕ್ಕ ಕಾಲ ಜೂನ್ ತಿಂಗಳ ಪೂರ್ವಾರ್ಧ, ಇಲ್ಲವೇ ಸೆಪ್ಟೆಂಬರ್. ಜುಲೈ, ಆಗಸ್ಟುಗಳಲ್ಲಿ ಬೋಹಿನ್ ಕೂಡ ನಿಶ್ಶಬ್ದವಲ್ಲವೆಂಬುದನ್ನು ಮರೆಮಾಚಲಾರೆನು. ಮಳೆಯಂತೂ ಯಾವಾಗಲೂ ಉಂಟು. ಒಂಬತ್ತು ದಿನಗಳಲ್ಲಿ ನಾಲ್ಕು ದಿನ ನಾವು ನೆನೆದೆವು. ಮಳೆಯಲ್ಲಿ ಸ್ತುದೋರ್ ಹಳ್ಳಿಯ ಕಡೆಗೆ ನಡೆದು, ಹುಲ್ಲನ್ನು ಒಣಗಿಸಲು ಕಟ್ಟಿರುವ ಛಾವಣಿಯ ಮರದ ಚೌಕಟ್ಟುಗಳನ್ನು ನೋಡಬೇಕು. ಕೊಟ್ಟಿಗೆಯ ಕೆಲಸಕ್ಕೆ ಇಷ್ಟು ಚೆಲುವನ್ನು ವೆಚ್ಚಮಾಡಿದವರ ಮೇಲೆ ಗೌರವ ಹುಟ್ಟುತ್ತದೆ.

ಬಿಸ್ತ್ರಿತ್ಸಾದಿಂದ ಮುಂದಕ್ಕೆ ಹೊರಟ ರೈಲು 6,327 ಮೀಟರು ಉದ್ದದ ಸುರಂಗವನ್ನು ಹೊಗುತ್ತದೆ. ಈ ಕಡೆಯ ಹೊಳೆ ಸಾವಾ ನದಿಯನ್ನೂ ಡ್ಯಾನ್ಯೂಬನ್ನೂ ಕೂಡಿ ಕಪ್ಪು ಸಮುದ್ರಕ್ಕೆ ಹೋದರೆ, ಆ ಕಡೆಯ ಪೋದ್ಬರ್ದೊ ನಿಲ್ದಾಣದ ಬಳಿಯ ಹೊಳೆ ಸೋಚಾ ನದಿಯನ್ನು ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ಘಟ್ಟದ ಈಚೆ ಬಿದ್ದ ಹನಿ ಬಂಗಾಳ ಕೊಲ್ಲಿಗೂ ಆಚೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೂ ಹೋಗುವುದನ್ನು ಬಲ್ಲ ನಮಗೆ ಇದು ಬೇಗ ಮನಸ್ಸಿಗೆ ಹಿಡಿಯುತ್ತದೆ. ಸುರಂಗದ ಆಚೆ ಬೆಳಕೇ ಬೇರೆ. ಮನೆಗಳ ಹಂಚು, ಅಂಗಳದ ದ್ರಾಕ್ಷಿಬಳ್ಳಿ ದಕ್ಷಿಣದ ಸಮುದ್ರದ ಸುದ್ದಿಯನ್ನು ಹೇಳುತ್ತವೆ. ಕಾರುಗಳನ್ನೂ ಹೊತ್ತುಕೊಂಡು ಈ ಸುರಂಗವನ್ನು ದಾಟಿಸುವ ರೈಲೊಂದುಂಟು. ಹಳೆಯ ಮಾರ್ಗವಾದುದರಿಂದ ಕೆಲವೊಮ್ಮೆ ಕಾಮಗಾರಿಗಾಗಿ ಮುಚ್ಚಿ ಬಸ್ಸುಗಳನ್ನು ಬಿಡುತ್ತಾರೆ. ‘ನಾದೊಮೆಸ್ತ್ನಿ ಪ್ರೆವೊಸ್’ ಎಂದು ವೇಳಾಪಟ್ಟಿಯಲ್ಲಿದ್ದರೆ ಅದೇ ಅರ್ಥ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿರಿ.

ಮೋಸ್ತ್ ನಾ ಸೋಚಿ ನಿಲ್ದಾಣದಲ್ಲಿ ಇಳಿದವರು ಬಸ್ಸಿನಲ್ಲಿ ತೋಲ್ಮಿನ್ ಮೇಲೆ ಕೋಬಾರಿದ್ ಊರಿಗೆ ಹೋಗಬಹುದು. ಇಟಲಿಯವರು ಇದನ್ನು ಕಾಪೊರೆತ್ತೊ ಎನ್ನುತ್ತಾರೆ. 1917ರ ಅಕ್ಟೋಬರ್ 24ರಂದು ಇಲ್ಲಿ ಆಸ್ಟ್ರಿಯ ಜರ್ಮನಿಗಳ ಸೇನೆ ಇಟಲಿಯ ಸಾಲನ್ನು ಮುರಿದದ್ದರಿಂದ, ಇಟಲಿಯ ಭಾಷೆಯಲ್ಲಿ ಸರ್ವನಾಶಕ್ಕೆ ಈ ಊರಿನ ಹೆಸರೇ ಪರ್ಯಾಯಪದವಾಗಿದೆ. 1915ರಿಂದ ಎರಡೂವರೆ ವರ್ಷಗಳಲ್ಲಿ ಸೋಚಾ ಹೊಳೆಯ ದಂಡೆಯಲ್ಲಿ ಹನ್ನೆರಡು ಯುದ್ಧಗಳು ನಡೆದುವು. ಊರಿನ ವಸ್ತುಸಂಗ್ರಹಾಲಯ ಸಣ್ಣದು, ಯಾವ ಪಕ್ಷದ ಜಯಘೋಷವೂ ಅಲ್ಲಿಲ್ಲ. ಸೈನಿಕರ ಮುಖಗಳ ಚಿತ್ರಗಳಿವೆ, ಅವರು ಕೊರೆದುಕೊಂಡ ಚಮಚಗಳಿವೆ. ಹೊರಗೆ ಬಂದು ಪಚ್ಚೆಯ ಬಣ್ಣದ ಆ ನೀರನ್ನು ನೋಡಿದರೆ ನಂಬಿಕೆಯೇ ಬಾರದು. ಹಿಂದಿರುಗುವಾಗ ನಾವು ಬಸ್ಸಿನ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾದೆವು. ಫಲಕದಲ್ಲಿ ಬರೆದಿದ್ದ ಬಸ್ಸು ಬರಲಿಲ್ಲ. ಅದು ಶಾಲೆಯಿರುವ ದಿನಗಳಲ್ಲಿ ಮಾತ್ರ ಓಡುವುದೆಂದೂ ಶಾಲೆಗೆ ಅಂದು ರಜೆಯೆಂದೂ ಎದುರುಮನೆಯ ಹುಡುಗ ಬಂದು ಹೇಳಬೇಕಾಯಿತು. ಹೊತ್ತಿನ ಪಕ್ಕದಲ್ಲಿ ಒಂಟಿ ಅಕ್ಷರಗಳಿದ್ದರೆ, ಅವು ಏನೆಂದು ಕೆಳಗಿನ ಸಾಲಿನಲ್ಲಿ ನೋಡದೆ ಆ ಬಸ್ಸನ್ನು ನಂಬಬೇಡಿ. ಬೇಸಗೆಯ ರಜೆಯಲ್ಲಿ ಹಳ್ಳಿಯ ಬಸ್ಸುಗಳು ಅರ್ಧಕ್ಕೆ ಇಳಿಯುತ್ತವೆ.

ಇದೇ ಬೆಟ್ಟಸೀಮೆಯ ಇದ್ರಿಯಾ ಊರಿಗೆ ಲ್ಯುಬ್ಲ್ಯಾನದಿಂದ ಬಸ್ಸಿನಲ್ಲಿ ಹೋಗುವುದೇ ಸುಲಭ. ಹದಿನೈದನೆಯ ಶತಮಾನದ ಕೊನೆಯಲ್ಲಿ ಮರದ ತೊಟ್ಟಿ ಮಾಡುವವನೊಬ್ಬನು ತೊರೆಯಲ್ಲಿ ತೊಟ್ಟಿಯನ್ನು ನೆನೆಹಾಕಿ ಎತ್ತಲು ಹೋದಾಗ ಅದು ಏಳದಷ್ಟು ಭಾರವಾಗಿತ್ತಂತೆ, ತಳದಲ್ಲಿ ಪಾದರಸ. ಐದು ಶತಮಾನಗಳ ಕಾಲ ನಡೆದ ಆ ಗಣಿ, ಸ್ಪೇನಿನ ಅಲ್ಮಾದೆನ್ ಬಿಟ್ಟರೆ ಜಗತ್ತಿನಲ್ಲಿಯೇ ದೊಡ್ಡದು, ಈಗ ಪ್ರವಾಸಿಗಳಿಗೆ ಮಾತ್ರ ತೆರೆದಿದೆ. ಗಂಡಸರು ನೆಲದಡಿ ಪಾದರಸ ತೆಗೆಯುತ್ತಿರುವಾಗ ಹೆಂಗಸರು ಮೇಲೆ ಮರದ ಕಡ್ಡಿಗಳಿಂದ ಲೇಸು ಹೆಣೆಯುತ್ತಿದ್ದರು. 1876ರಲ್ಲಿ ಆರಂಭವಾದ ಲೇಸಿನ ಶಾಲೆ ಇಂದಿಗೂ ಇದೆ.

ರೈಲಿಗೆ ಮರಳೋಣ. ನೋವಾ ಗೋರಿತ್ಸಾ ಬರುವ ಮೊದಲು ಸೋಲ್ಕಾನ್ ಎಂಬಲ್ಲಿ ರೈಲು ಸೋಚಾ ನದಿಯನ್ನು ಒಂದು ಕಲ್ಲಿನ ಕಮಾನಿನ ಮೇಲೆ ದಾಟುತ್ತದೆ. ಆ ಕಮಾನಿನ ವಿಸ್ತಾರ 85 ಮೀಟರು. ಕಲ್ಲಿನಲ್ಲಿ ಕಟ್ಟಿದ ರೈಲು ಸೇತುವೆಗಳಲ್ಲಿ ಇದಕ್ಕೆ ಸಮಾನವಾದ ಕಮಾನು ಜಗತ್ತಿನಲ್ಲಿಲ್ಲ. 1916ರ ಯುದ್ಧದಲ್ಲಿ ಆಸ್ಟ್ರಿಯದ ಸೈನ್ಯವೇ ಅದನ್ನು ಸಿಡಿಸಿತು. 1927ರಲ್ಲಿ ಇಟಲಿಯವರು ಮತ್ತೆ ಹಾಗೆಯೇ ಕಟ್ಟಿ ಮುಗಿಸಿದರು. ವಿನೋದವೆಂದರೆ, ಅದರ ಮೇಲೆ ಹೋಗುವ ಪ್ರಯಾಣಿಕನಿಗೆ ಅದು ಕಾಣುವುದೇ ಇಲ್ಲ. ಸೋಲ್ಕಾನಿನಲ್ಲಿ ಇಳಿದು ಹೊಳೆಯ ಕಡೆಗೆ ನಡೆದವನಿಗೆ ಮಾತ್ರ ದರ್ಶನ.

ನೋವಾ ಗೋರಿತ್ಸಾ ಹೆಸರಿಗೆ ಹೊಸದು, ನಿಜವಾಗಿಯೂ ಹೊಸದು. 1947ರ ಶಾಂತಿ ಒಪ್ಪಂದದಿಂದ ಪ್ರಾಚೀನ ನಗರವಾದ ಗೊರೀತ್ಸಿಯಾ ಇಟಲಿಯ ಪಾಲಾಗಿ, ರೈಲು ನಿಲ್ದಾಣವೂ ಹೊರವಲಯದ ಹೊಲಗಳೂ ಯುಗೋಸ್ಲಾವಿಯದ ಪಾಲಾದುವು. ಹೊಲಗಳಲ್ಲಿ ಅವರು ಬೇರೆ ಊರನ್ನೇ ಕಟ್ಟಿಕೊಂಡರು. ನಿಲ್ದಾಣದ ಎದುರಿನ ಚೌಕದ ಅಡ್ಡಕ್ಕೆ ಇದ್ದ ಬೇಲಿಯನ್ನು 2004ರಲ್ಲಿ ತೆಗೆದುಹಾಕಿದ್ದಾರೆ. ಗಡಿಯ ಗುರುತು ಈಗ ನೆಲದಲ್ಲಿ ಹುದುಗಿದ ಒಂದು ಲೋಹದ ಬಿಲ್ಲೆ ಮಾತ್ರ. ಎರಡೂ ಊರುಗಳು ಸೇರಿ 2025ರಲ್ಲಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯೆನಿಸಿದುವು. ಬಳಿಯ ಕೊಸ್ತಾನ್ಯೆವಿತ್ಸಾ ಗುಡ್ಡದ ಸನ್ಯಾಸಿಗಳ ಮಠಕ್ಕೆ ಸ್ವಲ್ಪ ಏರು ನಡಿಗೆ. ರಾಜ್ಯಭ್ರಷ್ಟನಾಗಿ ಓಡಿಬಂದು 1836ರಲ್ಲಿ ಗೊರೀತ್ಸಿಯಾದಲ್ಲಿ ಕಾಲರಾದಿಂದ ಸತ್ತ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸನ ಸಮಾಧಿ ಅಲ್ಲಿದೆ. ತಂಪಾದ ನೆಲಮಾಳಿಗೆ, ನಾವು ಹೋದಾಗ ನಮ್ಮಿಬ್ಬರ ಹೊರತು ಒಬ್ಬರೂ ಇರಲಿಲ್ಲ.

ಇಲ್ಲಿಂದ ಟ್ರಿಯೆಸ್ತ್, ವೆನಿಸ್ ಕಡೆಗೆ ಮುಂದುವರಿಯುವವರು ಇಟಲಿಯ ನಿಲ್ದಾಣವು ಬೇರೆ, ಗೊರೀತ್ಸಿಯಾದ ಇನ್ನೊಂದು ಕಡೆಯಲ್ಲಿದೆಯೆಂಬುದನ್ನು ನೆನಪಿಡಬೇಕು. ಗಂಟುಮೂಟೆಯಿದ್ದರೆ ನಡೆಯುವ ದೂರವಲ್ಲ. ಬೋಹಿನ್ನಿಗೆ ಹಿಂದಿರುಗುವವರು ಕಡೆಯ ರೈಲಿನ ಹೊತ್ತನ್ನು ಬೆಳಿಗ್ಗೆ ಇಳಿದ ಕೂಡಲೇ ಬರೆದುಕೊಳ್ಳತಕ್ಕದ್ದು, ಅದು ತಪ್ಪಿದರೆ ಆ ರಾತ್ರಿ ಬೇರೆ ದಾರಿಯಿಲ್ಲ. ನಾವು ಅರ್ಧ ಗಂಟೆ ಮುಂಚೆಯೇ ಹೋಗಿ, ಯಜಮಾನಿ ಕಟ್ಟಿಕೊಟ್ಟಿದ್ದ ಪೋತಿತ್ಸಾದ ಕೊನೆಯ ತುಂಡನ್ನು ಹಂಚಿಕೊಂಡು ತಿಂದೆವು. ರೈಲು ಹೊರಟ ಮೇಲೆ ಟಿಕೆಟ್ಟಿನವನು ಬಂದು ನಮ್ಮಿಬ್ಬರನ್ನೂ ನೋಡಿ, “ಕಾಮ್ ಗ್ರೆಸ್ತಾ?” ಎಂದು ಕೇಳಿದನು. ನಾನು ಪದಗಳ ಚೀಟಿಗಾಗಿ ಜೇಬು ತಡವುತ್ತಿರುವಾಗಲೇ ನನ್ನಾಕೆ, “ಇಬ್ರೂ ಎಲ್ಲಿಗೆ ಅಂತ ಕೇಳ್ತಿದಾನೆ” ಎಂದು ನನಗೂ, “ಬೋಹಿನ್ಸ್ಕಾ ಬಿಸ್ತ್ರಿತ್ಸಾ” ಎಂದು ಅವನಿಗೂ ಹೇಳಿ ಮುಗಿಸಿದ್ದಳು.